ಕ್ಯಾಮೆರಾನೇ ಎಲ್ಲಾ ಮಾಡಿದರೆ ನಮಗೇನು ಕೆಲಸ?

ಪ್ರಶ್ನೆ: ಬಹಳ ವರ್ಷ ಫಿಲ್ಮ್ ಕ್ಯಾಮೆರಾದಲ್ಲಿ ಫೋಟೊ ತೆಗೆದವನು ನಾನು. ಈಗ ಮೊಮ್ಮಗಳು ಫೋನ್ ಎತ್ತಿ ಒಂದು ಸಲ ಒತ್ತಿದರೆ ನನಗಿಂತ ಚೆನ್ನಾಗಿ ಬರುತ್ತದೆ. ಕಲಿತದ್ದೆಲ್ಲ ನೀರಿನಲ್ಲಿ ಹೋಮ ಮಾಡಿದ ಹಾಗಾಯಿತೇ?

ಉತ್ತರ: ಖಂಡಿತ ಇಲ್ಲ. ಆದರೆ ಅವಳ ಫೋಟೊ ಯಾಕೆ ಚೆನ್ನಾಗಿ ಬರುತ್ತದೆ ಅಂತ ಮೊದಲು ನೋಡೋಣ.

ಅವಳು ಒತ್ತಿದ್ದು ಒಂದೇ ಸಲ ನಿಜ. ಫೋನ್ ಹಿಡಿದದ್ದು ಮಾತ್ರ ಒಂದೇ ಚಿತ್ರವಲ್ಲ. ಈಗಿನ ಹೆಚ್ಚಿನ ಫೋನುಗಳು ಸಾಲಾಗಿ ಹಲವು ಫ್ರೇಮುಗಳನ್ನು ಹಿಡಿದು, ಒಂದರ ಮೇಲೊಂದು ಅಲುಗಾಡದಂತೆ ಕೂರಿಸಿ, ಒಂದು ಫೋಟೊ ಮಾಡಿ ಕೊಡುತ್ತವೆ. ಇದು ಅವುಗಳ ಅನಿವಾರ್ಯತೆ. ನಿಮ್ಮ 35 ಮಿ.ಮೀ. ಫಿಲ್ಮಿನ ಒಂದು ಫ್ರೇಮ್ 36 x 24 ಮಿ.ಮೀ. ಇತ್ತು. ‘ಒಂದು ಇಂಚಿನ ಸೆನ್ಸರ್’ ಅಂತ ಹೆಮ್ಮೆಯಿಂದ ಮಾರುವ ದುಬಾರಿ ಫೋನಿನಲ್ಲೂ ಬೆಳಕು ಹಿಡಿಯುವ ಆ ಚಿಪ್ ಸುಮಾರು 13.1 x 9.8 ಮಿ.ಮೀ. ಅಷ್ಟೇ. (ಅದರ ಯಾವ ಬದಿಯೂ ಒಂದು ಇಂಚು ಇಲ್ಲ, ಅದು ಬೇರೆ ಕಥೆ.) ಸೆನ್ಸರ್ ಪುಟ್ಟದಾದರೆ ಅದಕ್ಕೆ ಸಿಗುವ ಬೆಳಕು ಕಡಿಮೆ, ಚಿತ್ರದಲ್ಲಿ ಕಾಳುಕಾಳು ಜಾಸ್ತಿ. ಈ ಕಾಳುಗಳು ಒಂದೊಂದು ಫ್ರೇಮಿನಲ್ಲಿ ಒಂದೊಂದು ಕಡೆ ಬೀಳುತ್ತವೆ. ಹದಿನಾರು ಫ್ರೇಮುಗಳ ಸರಾಸರಿ ತೆಗೆದರೆ ಕಾಲು ಭಾಗಕ್ಕೆ ಇಳಿಯುತ್ತವೆ. ಲೆನ್ಸಿನ ಕೈಲಾಗದ್ದನ್ನು ಫೋನ್ ಲೆಕ್ಕ ಮಾಡಿ ತೋರಿಸುತ್ತದೆ.

ಇಷ್ಟಕ್ಕೇ ನಿಂತಿದ್ದರೆ ನನ್ನ ತಕರಾರೇನೂ ಇರಲಿಲ್ಲ. ಆದರೆ ಫೋನ್ ನಿರ್ಧಾರಗಳನ್ನೂ ಮಾಡುತ್ತದೆ. ಮುಖ ಬೆಳ್ಳಗಿರಬೇಕು, ಆಕಾಶ ನೀಲಿಯಾಗಿರಬೇಕು, ನೆರಳಿನಲ್ಲಿ ಇರುವುದೆಲ್ಲ ಕಾಣಬೇಕು. ಸಂಜೆ ಕಿಟಕಿ ಪಕ್ಕ ಕೂತವರ ಫೋಟೊ ತೆಗೆದು ನೋಡಿ. ಒಂದು ಕೆನ್ನೆಗೆ ಬೆಳಕು, ಇನ್ನೊಂದು ಕತ್ತಲಲ್ಲಿ. ನೀವಾಗಿದ್ದರೆ ಬೆಳಕಿರುವ ಕೆನ್ನೆಗೆ ಬೆಳಕು ಅಳೆಯುವ ಮೀಟರ್ ಹಿಡಿದು, ಉಳಿದದ್ದು ಕಪ್ಪಾದರೆ ಆಗಲಿ ಅಂತ ಬಿಡುತ್ತಿದ್ದಿರಿ, ಅಲ್ವಾ? ಫೋನ್ ಹಾಗೆ ಬಿಡುವುದಿಲ್ಲ. ಕತ್ತಲನ್ನು ಎತ್ತಿ ಎತ್ತಿ ಹಿಂದಿನ ಗೋಡೆಯ ಸ್ವಿಚ್ ಬೋರ್ಡನ್ನೂ ತೋರಿಸುತ್ತದೆ. ಎಲ್ಲವೂ ಸ್ಪಷ್ಟ, ಆದರೆ ಸಂಜೆಯೇ ಇಲ್ಲ.

ನೀವು ಕಲಿತದ್ದು ಇಲ್ಲಿಯೇ ಕೆಲಸಕ್ಕೆ ಬರುವುದು. ಪರದೆಯ ಮೇಲೆ ಆ ಬೆಳಕಿರುವ ಕೆನ್ನೆಯನ್ನು ಮುಟ್ಟಿ, ಬೆರಳು ಹಾಗೇ ಒತ್ತಿ ಹಿಡಿಯಿರಿ. ಬಹಳಷ್ಟು ಫೋನುಗಳಲ್ಲಿ ಫೋಕಸ್ಸೂ ಎಕ್ಸ್‌ಪೋಷರ್ರೂ (ಒಳಗೆ ಬಿಡುವ ಬೆಳಕಿನ ಅಳತೆ) ಅಲ್ಲಿಗೇ ಲಾಕ್ ಆಗುತ್ತವೆ. ಪಕ್ಕದಲ್ಲಿ ಸೂರ್ಯನ ಗುರುತು ಕಂಡರೆ ಅದನ್ನು ನಿಧಾನವಾಗಿ ಕೆಳಕ್ಕೆ ಎಳೆಯಿರಿ. ಎಲ್ಲಿ ನಿಲ್ಲಿಸಬೇಕು ಅಂತ ಮೊಮ್ಮಗಳಿಗೆ ನೀವೇ ಹೇಳಿಕೊಡಬೇಕು.

ಒಂದು ಹಳೆಯ ಅಭ್ಯಾಸವನ್ನು ಮಾತ್ರ ಬಿಡಿ. ನೆಗೆಟಿವ್ ಫಿಲ್ಮಿಗೆ ಬೆಳಕು ಸ್ವಲ್ಪ ಜಾಸ್ತಿಯಾದರೂ ನಡೆಯುತ್ತಿತ್ತು, ಕಡಿಮೆಯಾದರೆ ಕಷ್ಟ. ಹಾಗಾಗಿ ‘ನೆರಳು ನೋಡಿ ಎಕ್ಸ್‌ಪೋಸ್ ಮಾಡು’ ಅನ್ನುತ್ತಿದ್ದರು. ಡಿಜಿಟಲ್‌ನಲ್ಲಿ ಇದು ತಿರುವುಮುರುವು. ನೆರಳಿನಿಂದ ಒಂದಿಷ್ಟು ವಿವರ ಹೊರಗೆಳೆಯಬಹುದು. ಪೂರ್ತಿ ಬೆಳ್ಳಗಾಗಿ ಸುಟ್ಟುಹೋದ ಜಾಗದಲ್ಲಿ ಏನೂ ಉಳಿದಿರುವುದಿಲ್ಲ, ಯಾವ ಸಾಫ್ಟ್‌ವೇರ್ ಬಂದರೂ ಅಷ್ಟೇ.

ಪ್ರಶ್ನೆ: 200 ಮೆಗಾಪಿಕ್ಸೆಲ್ ಫೋನ್ ಕೊಂಡರೆ ಫೋಟೊ ಇನ್ನೂ ಚೆನ್ನಾಗಿ ಬರುತ್ತದೆಯೇ?

ಉತ್ತರ: ಅಷ್ಟಕ್ಕಾಗಿಯೇ ಕೊಳ್ಳುವುದಾದರೆ ಬೇಡ. ಅಂಥ ಫೋನುಗಳು ಸಾಮಾನ್ಯವಾಗಿ ಹದಿನಾರು ಪಿಕ್ಸೆಲ್ಲುಗಳನ್ನು ಒಂದಾಗಿ ಸೇರಿಸಿ ಸುಮಾರು 12 ಮೆಗಾಪಿಕ್ಸೆಲ್ ಫೋಟೊವನ್ನೇ ಕೊಡುತ್ತವೆ. 4000 x 3000 ಪಿಕ್ಸೆಲ್ಲಿನ ಚಿತ್ರವನ್ನು ಇಂಚಿಗೆ 300 ಚುಕ್ಕಿಯಂತೆ ಮುದ್ರಿಸಿದರೆ 13 x 10 ಇಂಚು ಬರುತ್ತದೆ. ಅದಕ್ಕಿಂತ ದೊಡ್ಡ ಪ್ರಿಂಟ್ ನೀವು ಎಷ್ಟು ಸಲ ಹಾಕಿಸಿದ್ದೀರಿ?

ಪ್ರಶ್ನೆ: ಒಂದು ಪ್ರವಾಸ ಹೋಗಿ ಬಂದರೆ ಆರುನೂರು ಫೋಟೊ. ತಿರುಗಿ ನೋಡುವುದೇ ಇಲ್ಲ. ಅಳಿಸಲೂ ಮನಸ್ಸಿಲ್ಲ. ಏನು ಮಾಡಲಿ?

ಉತ್ತರ: ರೀಲಿನಲ್ಲಿ 36 ಫೋಟೊ ಇದ್ದಾಗ ಆಯ್ಕೆ ಒತ್ತುವ ಮೊದಲೇ ಮುಗಿಯುತ್ತಿತ್ತು. ಈಗ ಆ ಕೆಲಸ ಆಮೇಲಕ್ಕೆ ಹೋಗಿದೆ. ಆಮೇಲೆ ಅಂದರೆ ಯಾರೂ ಮಾಡುವುದಿಲ್ಲ, ಅಷ್ಟೇ.

ನನ್ನ ಪ್ರಕಾರ ಡಿಜಿಟಲ್ ತಂದ ದೊಡ್ಡ ಬದಲಾವಣೆ ತೆಗೆದ ಕ್ಷಣವೇ ನೋಡಬಹುದು ಅನ್ನುವುದು. 1975ರಲ್ಲಿ ಕೊಡಾಕ್‌ನ ಎಂಜಿನಿಯರ್ ಸ್ಟೀವ್ ಸ್ಯಾಸನ್ ಕಟ್ಟಿದ ಡಿಜಿಟಲ್ ಕ್ಯಾಮೆರಾ 0.01 ಮೆಗಾಪಿಕ್ಸೆಲ್ಲಿನ ಒಂದು ಕಪ್ಪುಬಿಳುಪು ಚಿತ್ರವನ್ನು ಕ್ಯಾಸೆಟ್ಟಿಗೆ ಬರೆಯಲು 23 ಸೆಕೆಂಡು ತೆಗೆದುಕೊಳ್ಳುತ್ತಿತ್ತು. ನೋಡಬೇಕೆಂದರೆ ಆ ಕ್ಯಾಸೆಟ್ಟನ್ನು ಬೇರೊಂದು ಯಂತ್ರಕ್ಕೆ ಹಾಕಿ ಟಿವಿಯಲ್ಲಿ ನೋಡಬೇಕು. ಈಗ ಒತ್ತಿದ ಕೂಡಲೇ ತಲೆ ಬಗ್ಗಿಸಿ ಪರದೆ ನೋಡುತ್ತೇವೆ. ಅಷ್ಟರಲ್ಲಿ ಎದುರಿಗಿದ್ದವರು ನಗುತ್ತಾರೆ, ನಿಜವಾದ ನಗು ಅದು, ನಮಗೆ ಸಿಗುವುದಿಲ್ಲ. ಕಲಿಯುವವರಿಗೆ ಪರದೆ ಒಳ್ಳೆಯ ಗುರು, ಒಪ್ಪುತ್ತೇನೆ. ಆದರೆ ಪ್ರತಿ ಕ್ಲಿಕ್ಕಿಗೂ ಗುರುವಿನ ಮುಖ ನೋಡುವುದು ಬೇಡ.

ಆಯ್ಕೆಗೆ ಸುಲಭದ ದಾರಿ: ಬಂದ ದಿನವೇ ಕೂರಬೇಡಿ. ಆ ದಿನ ಎಲ್ಲ ಫೋಟೊಗಳ ಮೇಲೂ ಪ್ರೀತಿ ಇರುತ್ತದೆ. ಒಂದೆರಡು ವಾರ ಬಿಟ್ಟು ಕೂತು, ಕೆಟ್ಟದ್ದನ್ನು ಅಳಿಸುವ ಬದಲು ಒಳ್ಳೆಯದಕ್ಕೆ ಗುರುತು ಹಾಕುತ್ತಾ ಹೋಗಿ. ಮಗು ಹಾರುವ ಐದು ಫೋಟೊ ಇವೆ ಅಂದುಕೊಳ್ಳಿ. ಮುಖ ಐದರಲ್ಲೂ ಚೆನ್ನಾಗಿಯೇ ಇರುತ್ತದೆ. ಕಾಲು ನೋಡಿ. ಪಾದಕ್ಕೂ ನೆಲಕ್ಕೂ ನಡುವೆ ಖಾಲಿ ಜಾಗ ಕಾಣುವುದು ಯಾವುದರಲ್ಲಿ? ಅಂಚುಗಳನ್ನು ನೋಡಿ. ಯಾರದೋ ಅರ್ಧ ಮೊಣಕೈ ಒಳಗೆ ನುಗ್ಗಿದೆಯೇ? ಹೀಗೆ ಕೇಳುತ್ತಾ ಹೋದರೆ ಐದು ಒಂದಾಗುತ್ತದೆ. ಮುಂದಿನ ಸಲ ಒತ್ತುವಾಗಲೇ ಕಣ್ಣು ಅಂಚಿಗೆ ಹೋಗುತ್ತದೆ.

ಪ್ರಶ್ನೆ: ಎಡಿಟ್ ಮಾಡಿದ ಫೋಟೊ ಮೋಸ ಅಲ್ಲವೇ? ಈಗಂತೂ ಎಐ ಬೇರೆ ಬಂದಿದೆ.

ಉತ್ತರ: ಎಡಿಟಿಂಗ್ ಕಂಪ್ಯೂಟರಿನ ಜೊತೆ ಹುಟ್ಟಿದ್ದಲ್ಲ. 1850ರ ದಶಕದಲ್ಲಿ ಫ್ರಾನ್ಸಿನ ಗುಸ್ತಾವ್ ಲ ಗ್ರೇ ಸಮುದ್ರಕ್ಕೊಂದು ನೆಗೆಟಿವ್, ಆಕಾಶಕ್ಕೊಂದು ನೆಗೆಟಿವ್ ತೆಗೆದು ಎರಡನ್ನೂ ಸೇರಿಸಿ ಪ್ರಿಂಟ್ ಹಾಕುತ್ತಿದ್ದ. ಫಿಲ್ಮಿನ ಬದಲು ಆಗ ಬಳಸುತ್ತಿದ್ದ ಗಾಜಿನ ಪ್ಲೇಟುಗಳು ನೀಲಿ ಬೆಳಕಿಗೆ ಅತಿ ಸೂಕ್ಷ್ಮ. ಸಮುದ್ರ ಸರಿಯಾಗಿ ಬರುವಷ್ಟು ಹೊತ್ತು ಬಿಟ್ಟರೆ ಆಕಾಶ ಬರೀ ಬಿಳಿ. ಇಂದು ಫೋನ್ ನಿಮಗೆ ಗೊತ್ತೇ ಆಗದಂತೆ ಮಾಡುವುದೂ ಹೆಚ್ಚುಕಮ್ಮಿ ಇದನ್ನೇ.

ಹಾಗಂತ ಎಲ್ಲವೂ ಸರಿ ಅಂತಲ್ಲ. 1982ರ ಫೆಬ್ರುವರಿ ಸಂಚಿಕೆಯ ಮುಖಪುಟಕ್ಕೆ ಹೊಂದಲಿ ಅಂತ ನ್ಯಾಷನಲ್ ಜಿಯಾಗ್ರಫಿಕ್ ಗೀಜಾದ ಪಿರಮಿಡ್ಡುಗಳನ್ನು ಡಿಜಿಟಲ್ ಆಗಿ ಹತ್ತಿರ ಸರಿಸಿತ್ತು. ದೊಡ್ಡ ಗದ್ದಲವಾಯಿತು. ಅದೇ ಕೆಲಸವನ್ನು ಒಂದು ಜಾಹೀರಾತು ಮಾಡಿದ್ದರೆ ಯಾರೂ ಕೇಳುತ್ತಿರಲಿಲ್ಲ. ‘ಇದು ಹೀಗೇ ಇತ್ತು’ ಅಂತ ನಂಬಿಸುವ ಜಾಗದಲ್ಲಿ ಇಲ್ಲದ್ದನ್ನು ತೋರಿಸಿದರೆ ಮೋಸ. ಬೆಳಕು, ಬಣ್ಣ, ಕತ್ತರಿಸುವುದು ಇವಕ್ಕೆ ನನ್ನ ಆಕ್ಷೇಪ ಇಲ್ಲ. ಹಕ್ಕಿಯ ಫೋಟೊದಲ್ಲಿ ಅಡ್ಡ ಬಂದ ಕೊಂಬೆ ತೆಗೆಯುವುದು? ಗೋಡೆಗೆ ಹಾಕುವುದಾದರೆ ತೆಗೆಯಿರಿ. ವನ್ಯಜೀವಿ ಸ್ಪರ್ಧೆಗೆ ಕಳಿಸುವುದಾದರೆ ಮುಟ್ಟಬೇಡಿ.

ಎಐ ವಿಷಯದಲ್ಲಿ ನಾನು ಸ್ವಲ್ಪ ಬಿಗಿ. 2023ರಲ್ಲಿ ಜರ್ಮನಿಯ ಬೋರಿಸ್ ಎಲ್ಡಾಗ್‌ಸೆನ್ ಎಐನಿಂದ ಮಾಡಿದ ಚಿತ್ರಕ್ಕೆ ಸೋನಿ ವಿಶ್ವ ಛಾಯಾಗ್ರಹಣ ಪ್ರಶಸ್ತಿಗಳಲ್ಲಿ ಒಂದು ವಿಭಾಗದ ಬಹುಮಾನ ಬಂತು. ಇದು ಛಾಯಾಗ್ರಹಣವೇ ಅಲ್ಲ ಅಂತ ಅವರೇ ಬಹುಮಾನ ಬೇಡವೆಂದರು. ನನ್ನದೂ ಅದೇ ಮಾತು. ಲೆನ್ಸಿನ ಮುಂದೆ ಏನೋ ಇರಬೇಕು, ಅದರಿಂದ ಬೆಳಕು ಒಳಗೆ ಬರಬೇಕು. ಪದ ಟೈಪ್ ಮಾಡಿ ತರಿಸಿಕೊಂಡದ್ದು ಚೆಂದವಿರಬಹುದು, ಅದಕ್ಕೆ ಬೇರೆ ಹೆಸರು ಇರಲಿ.

ಪ್ರಶ್ನೆ: ಅಪ್ಪ ತೆಗೆದ ಹಳೆಯ ನೆಗೆಟಿವ್‌ಗಳು ಡಬ್ಬಿ ತುಂಬ ಇವೆ. ಸ್ಕ್ಯಾನರ್ ಇಲ್ಲ. ಫೋನಿನಲ್ಲೇ ಕಾಪಿ ಮಾಡಬಹುದೇ?

ಉತ್ತರ: ನೋಡಿಕೊಳ್ಳುವಷ್ಟಕ್ಕೆ ಧಾರಾಳವಾಗಿ ಸಾಕು. ಕೋಣೆಯ ದೀಪ ಆರಿಸಿ. ಟ್ಯಾಬ್ಲೆಟ್‌ನಲ್ಲಿ ಪೂರ್ತಿ ಬಿಳಿ ಪುಟ ತೆರೆದು ಬೆಳಕು ಹೆಚ್ಚಿಸಿ. ನೆಗೆಟಿವ್ ಅನ್ನು ನೇರವಾಗಿ ಪರದೆಯ ಮೇಲೆ ಇಡಬೇಡಿ, ಪರದೆಯ ಚುಕ್ಕಿಗಳೂ ಫೋಟೊದಲ್ಲಿ ಬರುತ್ತವೆ. ಎರಡು ಮೂರು ಸೆಂ.ಮೀ. ಮೇಲೆ ಎತ್ತಿ ಹಿಡಿಯುವಂತೆ ರಟ್ಟಿನ ಚೌಕಟ್ಟು ಮಾಡಿಕೊಳ್ಳಿ. ಹೊಳೆಯುವ ಬದಿ ಫೋನಿನ ಕಡೆಗಿರಲಿ, ಇಲ್ಲದಿದ್ದರೆ ಎಡಬಲ ಅದಲುಬದಲಾಗುತ್ತದೆ. ಆಮೇಲೆ ಎಡಿಟಿಂಗ್ ಆ್ಯಪ್‌ನಲ್ಲಿ ಬಣ್ಣಗಳನ್ನು ತಿರುಗಿಸಿ (ಇನ್ವರ್ಟ್), ಅಂದರೆ ಕಪ್ಪು ಬಿಳಿಯಾಗಲಿ, ಬಿಳಿ ಕಪ್ಪಾಗಲಿ. ಕಪ್ಪುಬಿಳುಪು ಸಲೀಸು. ಕಲರ್ ನೆಗೆಟಿವ್‌ಗೆ ಕಿತ್ತಳೆ ಬಣ್ಣದ ತಳ ಇರುವುದರಿಂದ ತಿರುಗಿಸಿದಾಗ ಎಲ್ಲ ನೀಲಿ ನೀಲಿ ಕಾಣುತ್ತದೆ, ಬಣ್ಣದ ಛಾಯೆ ತಿದ್ದುವ ವೈಟ್ ಬ್ಯಾಲೆನ್ಸ್‌ನಲ್ಲಿ ಸರಿ ಮಾಡಬೇಕು.

ಕಾಪಿ ಆಯಿತಲ್ಲ ಅಂತ ನೆಗೆಟಿವ್ ಎಸೆಯಬೇಡಿ. ಡಬ್ಬಿ ತೆರೆದಾಗ ವಿನೆಗರ್ ತರಹದ ಹುಳಿ ವಾಸನೆ ಬಂದರೆ ಫಿಲ್ಮಿನ ತಳ ಕೆಡಲು ಶುರುವಾಗಿದೆ ಅಂತ ಅರ್ಥ, ಪಕ್ಕದಲ್ಲಿದ್ದ ಫಿಲ್ಮೂ ಬೇಗ ಕೆಡುತ್ತದೆ. ಅಂಥವನ್ನು ಬೇರೆ ಇಟ್ಟು ಮೊದಲು ಅವುಗಳ ಕೆಲಸ ಮುಗಿಸಿ.