ಎದುರಾಳಿ ಬಗ್ಗೆ ಎಷ್ಟು ಹೇಳಬೇಕು?

ಪ್ರಶ್ನೆ: ನಾನು ದಾವಣಗೆರೆಯ ಒಂದು ಕಾಲೇಜಿನಲ್ಲಿ ಪಿ.ಟಿ. ಟೀಚರ್. ಮುಂದಿನ ವಾರ ನಮ್ಮ ಹುಡುಗಿಯರಿಗೆ ಚಿತ್ರದುರ್ಗದ ತಂಡದ ಮೇಲೆ ಫುಟ್‌ಬಾಲ್ ಮ್ಯಾಚ್ ಇದೆ. ಆ ತಂಡದ ಎರಡು ಮ್ಯಾಚ್ ಮೊಬೈಲ್‌ನಲ್ಲಿ ತೆಗೆದು, 12 ಪುಟ ನೋಟ್ಸ್ ಮಾಡಿದ್ದೇನೆ. ಹೇಳಲು ಕೂತರೆ ಹುಡುಗಿಯರು ಆಕಳಿಸುತ್ತಾರೆ. ಏನು ಮಾಡಲಿ?

ಉತ್ತರ: ಟೀಚರ್, ಆಕಳಿಸಿದರು ಅಂತ ಬೈಯಬೇಡಿ. 12 ಪುಟ ನಿಮಗೆ ಬೇಕು, ಅವರಿಗಲ್ಲ. ನಿಮ್ಮ ರೈಟ್ ಬ್ಯಾಕ್‌ಗೆ, ಅಂದರೆ ಹಿಂದೆ ಬಲಗಡೆ ನಿಂತು ತಡೆಯುವವಳಿಗೆ, ಬೇಕಾದ್ದು ಇಷ್ಟೇ: ಎದುರಿಗೆ ಬರುವವಳ ಆಡುವ ಕಾಲು ಯಾವುದು, ಅವಳು ಮೈದಾನದ ಅಂಚಿನ ಲೈನ್ ಹಿಡಿದು ಓಡುತ್ತಾಳಾ, ಒಳಗೆ ತಿರುಗುತ್ತಾಳಾ. ಎರಡೂ ಮ್ಯಾಚಿನಲ್ಲಿ ಕಂಡಿದ್ದನ್ನು ಮಾತ್ರ ಹೇಳಿ. ಒಂದು ಸಲ ಮಾಡಿದ್ದು ಅಭ್ಯಾಸ ಅಲ್ಲ.

ವಿಡಿಯೊ ನೋಡುವಾಗ ಅವರ ಕಾಲಲ್ಲಿ ಬಾಲ್ ಇರುವುದನ್ನೇ ನೋಡುತ್ತಾ ಕೂರಬೇಡಿ. ಬಾಲ್ ಹೋದ ಮೇಲಿನ ಐದಾರು ಸೆಕೆಂಡ್ ನೋಡಿ. ಯಾರು ವಾಪಸ್ ಓಡುತ್ತಾರೆ, ಯಾರು ಸೊಂಟದ ಮೇಲೆ ಕೈ ಇಟ್ಟು ನಿಲ್ಲುತ್ತಾರೆ? 2023ರ ಮಹಿಳಾ ವಿಶ್ವಕಪ್ ಫೈನಲ್‌ನಲ್ಲಿ ಇಂಗ್ಲೆಂಡಿನ ಲೂಸಿ ಬ್ರಾಂಜ್ ಬಲಗಡೆಯಿಂದ ಬಾಲ್ ತಗೊಂಡು ಮಧ್ಯಕ್ಕೆ ನುಗ್ಗಿ ಕಳಕೊಂಡರು. ಅವರ ಜಾಗ ಖಾಲಿ ಬಿತ್ತು. ಸ್ಪೇನ್ ಬಾಲನ್ನು ಅದೇ ಕಡೆಗೆ ತಿರುಗಿಸಿತು. ಹಿಂದಿನಿಂದ ಓಡಿಬಂದ ಓಲ್ಗಾ ಕರ್ಮೋನಾ 29ನೇ ನಿಮಿಷದಲ್ಲಿ ಗೋಲ್ ಹೊಡೆದರು. ಮ್ಯಾಚ್ 1-0ಗೆ ಮುಗಿಯಿತು. ಅಂಥ ಖಾಲಿ ಜಾಗ ನಿಮ್ಮ ವಿಡಿಯೊದಲ್ಲೂ ಸಿಗುತ್ತದೆ, ಹುಡುಕಿ.

ಇನ್ನೊಂದು ಮಾತು. ಗಂಡಸರ ಲೀಗ್ ವಿಡಿಯೊ ನೋಡಿ ಲೆಕ್ಕ ಹಾಕುವ ಚಟ ನಮ್ಮಲ್ಲಿ ಜಾಸ್ತಿ. ಗೋಲ್‌ಪೋಸ್ಟ್ ಇಬ್ಬರಿಗೂ ಒಂದೇ: 7.32 ಮೀಟರ್ ಅಗಲ, 2.44 ಮೀಟರ್ ಎತ್ತರ. ಆದರೆ ಐದಡಿಯ ಹುಡುಗಿ ಕೀಪರ್ ಆಗಿ ನಿಂತರೆ ಮೇಲಿನ ಬಾಲ್ ಅವಳಿಗೆ ಕಷ್ಟ ಅಲ್ವಾ? ಚಿತ್ರದುರ್ಗದ ಕೀಪರ್ ಕಾರ್ನರ್ ಬಂದಾಗ ಮುಂದೆ ಬರುತ್ತಾಳಾ, ಗೆರೆ ಮೇಲೇ ನಿಲ್ಲುತ್ತಾಳಾ? ಅವಳ ಗೋಲ್ ಕಿಕ್ ಎಲ್ಲಿ ಬೀಳುತ್ತದೆ? ಅಲ್ಲೇ ಒಬ್ಬಳನ್ನು ನಿಲ್ಲಿಸಿ.

ಇನ್ನು ಹೇಳುವ ರೀತಿ. 'ಅವರ ಹತ್ತನೇ ನಂಬರ್ ಭಾರಿ ಫಾಸ್ಟ್' ಅಂದರೆ ಸುಮ್ನೆ ಹೆದರಿಸಿದ ಹಾಗೆ. 'ಅವಳಿಂದ ಎರಡು ಹೆಜ್ಜೆ ಹಿಂದೆ ನಿಲ್ಲು, ಲೈನ್ ಕಡೆಗೆ ತಳ್ಳು' ಅನ್ನಿ. ಸಂಜೆ ಮಂಡಕ್ಕಿ ಮಿರ್ಚಿ ತರಿಸಿ, ತಿನ್ನುತ್ತಾ ನಾಲ್ಕೈದು ತುಣುಕು ತೋರಿಸಿ. ಪ್ರತಿ ತುಣುಕು ನಿಲ್ಲಿಸಿ, 'ಇಲ್ಲಿ ನೀನಿದ್ದರೆ ಏನು ಮಾಡ್ತೀ?' ಅಂತ ಅವರನ್ನೇ ಕೇಳಿ. ಮರುದಿನ ಮೈದಾನದಲ್ಲಿ ರಿಸರ್ವ್ ಹುಡುಗಿಯರಿಗೆ ಬೇರೆ ಬಣ್ಣದ ಬಿಬ್ ಹಾಕಿಸಿ, ಚಿತ್ರದುರ್ಗದವರ ಹಾಗೇ ಆಡಿಸಿ. ಬೆಂಚ್ ಮೇಲೆ ಕೂರುವ ಹುಡುಗಿಗೂ ಅವತ್ತು ಕೆಲಸ ಇರುತ್ತದೆ. ನನ್ನ ಪ್ರಕಾರ ಪ್ರೊಜೆಕ್ಟರ್‌ಗಿಂತ ಇದೇ ಮೇಲು.

ಪೆನಾಲ್ಟಿಗೆ ಮಾತ್ರ, ಯಾರು ಯಾವ ಕಡೆ ಹೊಡೆಯುತ್ತಾರೆ ಅಂತ ಬರೆದ ಚೀಟಿ ಕೀಪರ್ ಕೈಗೆ ಕೊಡಿ. 2025ರ ಮಹಿಳಾ ಯೂರೋ (ಯುರೋಪಿನ ದೇಶಗಳ ಕಪ್) ಫೈನಲ್‌ನಲ್ಲಿ ಸ್ಪೇನ್ ಕೀಪರ್ ತನ್ನ ನೋಟ್ಸನ್ನು ನೀರಿನ ಬಾಟಲಿಗೆ ಅಂಟಿಸಿಕೊಂಡಿದ್ದರು. ಇಂಗ್ಲೆಂಡಿನ ಕೀಪರ್ ಹ್ಯಾನಾ ಹ್ಯಾಂಪ್ಟನ್ ಆ ಬಾಟಲಿಯನ್ನೇ ಎತ್ತಿ ಜನರ ಕಡೆ ಎಸೆದರಂತೆ! ಅವರ ಸ್ವಂತ ನೋಟ್ಸ್ ತೋಳಿನ ಮೇಲಿತ್ತು. ಎರಡು ಪೆನಾಲ್ಟಿ ತಡೆದರು, ಇಂಗ್ಲೆಂಡ್ ಗೆದ್ದಿತು. ಬಾಟಲಿ ಎಸೆಯುವುದನ್ನು ನಿಮ್ಮ ಹುಡುಗಿಗೆ ಕಲಿಸಬೇಡಿ, ತೋಳಿನ ಮೇಲೆ ಬರೆಯುವುದನ್ನು ಕಲಿಸಿ.

ಪ್ರಶ್ನೆ: ಬೇರೆ ತಂಡದ ಹುಡುಗಿಯರ ಆಟವನ್ನು ಹೀಗೆ ವಿಡಿಯೊ ಮಾಡುವುದು ಸರೀನಾ? ನನ್ನ ಮಗಳೂ ಆಡುತ್ತಾಳೆ.

ಉತ್ತರ: ಆಟ ಕಲಿಯಲು ಮಾಡಿದರೆ ತಪ್ಪಿಲ್ಲ ತಾಯಿ, ಆದರೆ ಅವರ ಕೋಚ್‌ಗೆ ಮೊದಲೇ ಒಂದು ಮಾತು ಹೇಳಿ ಮಾಡಲಿ. ತುಣುಕುಗಳು ವಾಟ್ಸಾಪ್ ಗುಂಪಿಗೆ, ಇನ್‌ಸ್ಟಾಗ್ರಾಮ್‌ಗೆ ಹೋಗಕೂಡದು. ಟೀಚರ್ ಮೊಬೈಲ್‌ನಲ್ಲೇ ಇರಲಿ, ಮ್ಯಾಚ್ ಮುಗಿದ ಮೇಲೆ ಅಳಿಸಲಿ.