ಜೊತೆಗಿರುವ ಚಿಂಚಿಲ್ಲಾಗಳಲ್ಲಿ (ಇಲಿ-ಅಳಿಲುಗಳ ಬಳಗದ, ದಟ್ಟ ಮೆತ್ತನೆ ಕೂದಲಿನ ಸಾಕುಪ್ರಾಣಿ) ಒಂದು ಇನ್ನೊಂದರ ಮೇಲೆ ಹತ್ತುತ್ತಿದೆ. ಬೇರೆ ಮಾಡಬೇಕಾ?

ಈಗಲೇ ಬೇಡ. ಮೇಲೆ ಹತ್ತುವುದು, ಸ್ವಲ್ಪ ಅಟ್ಟಾಡಿಸುವುದು, ಹಿಂಗಾಲಲ್ಲಿ ನಿಂತು ಮೂತ್ರ ಚಿಮ್ಮಿಸುವುದು, ಎಲ್ಲ 'ಇಲ್ಲಿ ನಾನೇ ದೊಡ್ಡವಳು' ಅಂತ ಹೇಳುವ ರೀತಿ. ಎರಡೂ ಹೆಣ್ಣಾದರೂ ಹತ್ತುತ್ತವೆ. ಸುಮ್ನೆ ಬೇರೆ ಮಾಡಿದರೆ ಮತ್ತೆ ಹೊಂದಿಸುವುದು ಕಷ್ಟ. ಗಂಡು-ಹೆಣ್ಣಾದರೆ ಮಾತ್ರ ಲೆಕ್ಕ ಬೇರೆ, ಸುಮಾರು 111 ದಿನಕ್ಕೆ ಮರಿ!

ಹುಲ್ಲಿನ ಬುಟ್ಟಿ, ನೀರಿನ ಬಾಟಲಿ, ಅಡಗುವ ಗೂಡು ಎರಡೆರಡು ಇಡಿ. ಗೂಡಿಗೆ ಎರಡು ಬಾಗಿಲಿರಲಿ. ಒಂದೇ ಇದ್ದರೆ ಪಾಪ, ಸಣ್ಣದು ಒಳಗೇ ಸಿಕ್ಕಿಬೀಳುತ್ತದೆ ಅಲ್ವಾ?

ದಿನಾ ಬೆಳಗ್ಗೆ ಪಂಜರದ ತಳ ನೋಡಿ. ಹತ್ತಿಯಂಥ ಕೂದಲಿನ ಗೊಂಚಲುಗಳು ಬಿದ್ದಿದ್ದರೆ ಒಂದು ಹೆದರಿದೆ ಅಂತ ಅರ್ಥ; ಹಿಡಿತದಿಂದ ಬಿಡಿಸಿಕೊಳ್ಳಲು ಕೂದಲು ಉದುರಿಸುತ್ತವೆ. ಕಿವಿಯಲ್ಲಿ ರಕ್ತ ಕಂಡರೆ, ಅಥವಾ ಒಂದು ಹುಲ್ಲಿನ ಹತ್ತಿರವೇ ಬರದಿದ್ದರೆ, ತಡ ಮಾಡದೆ ಬೇರೆ ಪಂಜರಕ್ಕೆ ಹಾಕಿ ಪಶುವೈದ್ಯರಿಗೆ ತೋರಿಸಿ.