ವೋಲ್ಟ್ ಕೇಳುವ ಮೊದಲು ಎತ್ತರ ಅಳೆಯಿರಿ

ಪ್ರಶ್ನೆ: ಸಿಎನ್‌ಸಿ ಪ್ಲಾಸ್ಮಾದಲ್ಲಿ (ಕಂಪ್ಯೂಟರ್ ನಡೆಸುವ, ಆರ್ಕ್‌ನಿಂದ ಲೋಹ ಕತ್ತರಿಸುವ ಮೆಷಿನ್) 6 ಮಿ.ಮೀ. ಎಂಎಸ್ (ಮೈಲ್ಡ್ ಸ್ಟೀಲ್) ಪ್ಲೇಟಿಗೆ ಎಷ್ಟು ವೋಲ್ಟ್ ಇಡಬೇಕು? ನಾನು 125 ಇಟ್ಟಿದ್ದೇನೆ. ಬೆಳಿಗ್ಗೆ ಕಟ್ಟಿಂಗ್ ಚೆನ್ನಾಗಿ ಬರುತ್ತದೆ. ಮಧ್ಯಾಹ್ನದ ಹೊತ್ತಿಗೆ ಟಾರ್ಚ್ ಇಳಿದು ಪ್ಲೇಟಿಗೇ ತಾಗುತ್ತದೆ. ಟಾರ್ಚಿನ ಎತ್ತರ ನೋಡಿಕೊಳ್ಳುವ ಟಿಎಚ್‌ಸಿ ಕೆಟ್ಟಿದೆಯಾ?

ಕೆಟ್ಟಿಲ್ಲ. ಇದೇ ಪ್ರಶ್ನೆ ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ. ಆದ್ದರಿಂದ ಈ ಸಲ ಪೂರ್ತಿ ಹೇಳಿಬಿಡುತ್ತೇನೆ.

ಕಟ್ಟಿಂಗ್ ನಡೆಯುವಾಗ ಟಿಎಚ್‌ಸಿ ಎತ್ತರವನ್ನು ಅಳೆಯುವುದೇ ಇಲ್ಲ. ಅದಕ್ಕೆ ಗೊತ್ತಾಗುವುದು ಆರ್ಕ್ ವೋಲ್ಟೇಜ್ ಒಂದೇ. ಆರ್ಕ್ ಅಂದರೆ ಟಾರ್ಚಿನಿಂದ ಪ್ಲೇಟಿಗೆ ಹಾರುವ ವಿದ್ಯುತ್ ಜ್ವಾಲೆ. ಆರ್ಕ್ ಉದ್ದವಾದರೆ ವೋಲ್ಟ್ ಏರುತ್ತದೆ, ಗಿಡ್ಡವಾದರೆ ಇಳಿಯುತ್ತದೆ. 5 ವೋಲ್ಟಿಗೆ ಸುಮಾರು ಅರ್ಧ ಮಿ.ಮೀ. ಅಂತ ಇಟ್ಟುಕೊಳ್ಳಿ.

ಈಗ ಟಾರ್ಚಿನ ಒಳಗಿನ ಎಲೆಕ್ಟ್ರೋಡ್ ಬಿಚ್ಚಿ ತುದಿ ನೋಡಿ. ತಾಮ್ರದ ನಡುವೆ ಹ್ಯಾಫ್ನಿಯಂನ ಸಣ್ಣ ಚುಕ್ಕೆ ಇದೆಯಲ್ಲ, ಆರ್ಕ್ ಹುಟ್ಟುವುದು ಅಲ್ಲಿಂದ. ಪ್ರತಿ ಪಿಯರ್ಸಿಂಗ್‌ಗೂ (ಕಟ್ಟಿಂಗ್ ಶುರುವಿಗೆ ಪ್ಲೇಟ್ ತೂತು ಮಾಡುವುದು) ಅದು ಸ್ವಲ್ಪ ಸವೆದು ಗುಳಿ ಬೀಳುತ್ತದೆ. ಗುಳಿ ಆಳವಾದಷ್ಟೂ ಆರ್ಕ್ ಟಾರ್ಚಿನ ಒಳಗೇ ಉದ್ದವಾಗುತ್ತದೆ. ಟಾರ್ಚ್ ಇದ್ದಲ್ಲೇ ಇದ್ದರೂ ವೋಲ್ಟ್ 130 ಆಯಿತು ಅನ್ನಿ. ನೀವು 125 ಅಂತ ಹೇಳಿದ್ದೀರಿ. ಟಾರ್ಚ್ ಮೇಲಿದೆ ಅಂದುಕೊಂಡು ಟಿಎಚ್‌ಸಿ ಅದನ್ನು ಅರ್ಧ ಮಿ.ಮೀ. ಇಳಿಸುತ್ತದೆ. ಪ್ಲೇಟಿನಿಂದ 1.5 ಮಿ.ಮೀ. ಎತ್ತರ ಇದ್ದದ್ದು 1 ಆಯಿತು. ಸಂಜೆಯೊಳಗೆ ನಾಜಲ್ (ಆರ್ಕ್ ಹೊರಬರುವ ತೂತಿನ ತುದಿ) ಹೋಯಿತು.

ಪೀಣ್ಯದ ಒಂದು ಶಾಪಿನಲ್ಲಿ ಪ್ಯಾನೆಲ್ ಮೇಲೆ ಒಂದು ಚೀಟಿ ಅಂಟಿಸಿದ್ದರು. ವಾಟ್ಸ್ಯಾಪಿನಲ್ಲಿ ಬಂದ ವೋಲ್ಟ್ ಪಟ್ಟಿ ಅದು. ಯಾವ ಮೆಷಿನ್, ಎಷ್ಟು ಆಂಪಿಯರ್, ಯಾವ ನಾಜಲ್, ಒಂದೂ ಬರೆದಿರಲಿಲ್ಲ. ವರ್ನಿಯರ್‌ನ ಡೆಪ್ತ್ ಕಡ್ಡಿಯನ್ನು ಅವರ ಎಲೆಕ್ಟ್ರೋಡಿನ ಗುಳಿಗೆ ಇಳಿಸಿದೆ. 1.9 ಮಿ.ಮೀ.! ಹೈಪರ್‌ಥರ್ಮ್ ಕಂಪನಿಯ ಪವರ್‌ಮ್ಯಾಕ್ಸ್ ಮೆಷಿನ್‌ನಲ್ಲಿ ಗುಳಿ 1.6 ದಾಟಿದರೆ ಎಸೆಯಿರಿ ಅಂತ ಮ್ಯಾನುಯಲ್ಲೇ ಹೇಳುತ್ತದೆ. ಇಂಥ ಪಟ್ಟಿ ಹಂಚುವವರ ಮೇಲೆ, ಎಲ್ಲ ಶೀಟಿಗೂ ಒಂದೇ ಸೆಟ್ಟಿಂಗ್ ಸಾಕು ಅಂತ ಟಿಎಚ್‌ಸಿ ಮಾರುವವರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ದುಡ್ಡು ಹೋಗುವುದು ನಿಮ್ಮದು.

ನಿಮ್ಮ ನಂಬರನ್ನು ನೀವೇ ಹುಡುಕಬೇಕು. ಹೊಸ ನಾಜಲ್, ಹೊಸ ಎಲೆಕ್ಟ್ರೋಡ್ ಹಾಕಿ. ಟಿಎಚ್‌ಸಿ ಆಫ್ ಮಾಡಿ. ಮ್ಯಾನುಯಲ್‌ನ ಕಟ್ ಚಾರ್ಟ್‌ನಲ್ಲಿರುವ ಎತ್ತರ, ಸ್ಪೀಡ್ ಎರಡನ್ನೂ ಹಾಗೇ ಇಡಿ. ಪವರ್‌ಮ್ಯಾಕ್ಸ್ 85ರಲ್ಲಿ ಶೀಲ್ಡ್ (ನಾಜಲ್ ಮೇಲಿನ ಕವಚ) ಹಾಕಿದ್ದರೆ ಕಟ್ಟಿಂಗ್‌ಗೆ 1.5, ಪಿಯರ್ಸಿಂಗ್‌ಗೆ 3.8 ಮಿ.ಮೀ. ಚಪ್ಪಟೆ ಪ್ಲೇಟಿನ ಮೇಲೆ ಉದ್ದಕ್ಕೆ ಒಂದು ನೇರ ಗೆರೆ ಕತ್ತರಿಸಿ. ನಡುವೆ ಸ್ಕ್ರೀನ್‌ನಲ್ಲಿ ನಿಲ್ಲುವ ವೋಲ್ಟ್ ಬರೆದುಕೊಳ್ಳಿ. ಆಮೇಲೆ ಟಾರ್ಚ್ ಎತ್ತದೆ ನಿಲ್ಲಿಸಿ, ಪವರ್ ಸೋರ್ಸ್ ಆಫ್ ಮಾಡಿ, 1.5ರ ಡ್ರಿಲ್ ಬಿಟ್‌ನ ಹಿಂಬದಿಯನ್ನು ಅಡಿಗೆ ತೂರಿಸಿ ನೋಡಿ. ಸ್ವಲ್ಪ ಸವರಿಕೊಂಡು ಹೋಗಬೇಕು. ಹಾಗೆ ಹೋದರೆ ಆ ವೋಲ್ಟೇ ನಿಮ್ಮ ಸೆಟ್ಟಿಂಗ್. ಮಧ್ಯಾಹ್ನ ಮತ್ತೆ ಅಳೆಯಿರಿ. ಟಾರ್ಚ್ ಇಳಿದಿದ್ದರೆ ಎರಡು ಮೂರು ವೋಲ್ಟ್ ಏರಿಸಿ. ಹೊಸ ಎಲೆಕ್ಟ್ರೋಡ್ ಹಾಕಿದಾಗ ಮೊದಲಿನ ನಂಬರಿಗೆ ಇಳಿಸಲು ಮಾತ್ರ ಮರೆಯಬೇಡಿ. ಮರೆತರೆ ಟಾರ್ಚ್ ಮೇಲೇರಿ, ಅಂಚು ಮೇಲ್ಗಡೆ ದುಂಡಗಾಗುತ್ತದೆ.

ಪವರ್ ಆಫ್ ಮಾಡದೆ ಟಾರ್ಚ್ ಕೆಳಗೆ ಕೈ ಹಾಕಬೇಡಿ. ಆಪರೇಟರ್ ಎಷ್ಟೇ ಹಳಬನಾಗಿರಲಿ, ನಾನು ಬಿಡುವುದಿಲ್ಲ.

ಪ್ರಶ್ನೆ: ಮೂಲೆಗಳಲ್ಲಿ ಮಾತ್ರ ಟಾರ್ಚ್ ಮುಳುಗುತ್ತದೆ.

ಮೂಲೆಯಲ್ಲಿ ಸ್ಪೀಡ್ ಇಳಿದು ಸೀಳು ಅಗಲವಾಗುತ್ತದೆ, ವೋಲ್ಟ್ ಏರುತ್ತದೆ. ಅಲ್ಲಿ ಟಿಎಚ್‌ಸಿಯನ್ನು ತಡೆದು ನಿಲ್ಲಿಸುವ ಸೆಟ್ಟಿಂಗ್ ಆನ್ ಮಾಡಿ. ಸಣ್ಣ ತೂತಿಗೂ ಅಷ್ಟೇ.

ಪ್ರಶ್ನೆ: ಬರ್ (ಅಂಚಿಗೆ ಅಂಟಿ ಉಳಿಯುವ ಕರಗಿದ ಲೋಹ) ಜಾಸ್ತಿ ಬಂದರೆ ಗಾಳಿ ಪ್ರೆಷರ್ ಏರಿಸಲಾ?

ಬೇಡ. ಮೊದಲು ಕಂಪ್ರೆಸರ್‌ನಲ್ಲಿ ನಿಂತ ನೀರು ಹೊರಗೆ ಬಿಡಿ.

ಪ್ರಶ್ನೆ: ಜಿಐ (ಸತು ಲೇಪಿಸಿದ) ಶೀಟ್ ಕತ್ತರಿಸಿದ ಮೇಲೆ ಹಾಲು ಕುಡಿದರೆ ಸಾಕಲ್ವಾ?

ಸಾಲದು. ಸತುವಿನ ಹೊಗೆ ಹೋಗುವುದು ಶ್ವಾಸಕೋಶಕ್ಕೆ, ಹಾಲು ಹೋಗುವುದು ಹೊಟ್ಟೆಗೆ. ಹೊಗೆ ಎಳೆಯುವ ಫ್ಯಾನ್ ಹಾಕಿಸಿ, ಸರಿಯಾದ ಮಾಸ್ಕ್ ಕೊಡಿ. ರಾತ್ರಿ ಚಳಿ ಜ್ವರ ಬಂದರೆ ಡಾಕ್ಟರಿಗೆ ಜಿಐ ಕತ್ತರಿಸಿದ್ದನ್ನು ತಪ್ಪದೆ ಹೇಳಿ.